ವಿ-ಕ್ರಾಸ್ ಸಸ್ಪೆನ್ಷನ್ ಕೆಲಸ: ಮೊದಲು ತೂಕ, ಆಮೇಲೆ ಸ್ಪ್ರಿಂಗ್

ಪಿಕಪ್‌ಗೆ ಸಸ್ಪೆನ್ಷನ್ ಕಿಟ್ ಹುಡುಕುತ್ತಿರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ಹತ್ತಿಸಿ. ಯಾವ ಕಂಪನಿ, ಎಷ್ಟು ಇಂಚು ಎತ್ತರ ಅನ್ನೋದೆಲ್ಲ ಆಮೇಲೆ. ಗಾಡಿ ದಿನಾ ಎಷ್ಟು ತೂಕ ಹೊತ್ತು ಓಡುತ್ತದೆ ಅಂತ ಗೊತ್ತಿಲ್ಲದೆ ಸ್ಪ್ರಿಂಗ್ ಆರಿಸಿದರೆ ದುಡ್ಡು ಕೊಟ್ಟು ಇನ್ನಷ್ಟು ಕುಲುಕಾಟ ಮನೆಗೆ ತಂದ ಹಾಗೆ.

ನನ್ನದು ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್, 2.5 ಲೀಟರ್ ಡೀಸೆಲ್, ಫೋರ್ ವೀಲ್ ಡ್ರೈವ್. ಆಂಧ್ರದ ಶ್ರೀ ಸಿಟಿಯಲ್ಲಿ ತಯಾರಾಗಿ 2016ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್) ಮತ್ತು ಸುರುಳಿಯ ಕಾಯಿಲ್ ಸ್ಪ್ರಿಂಗ್. ಹಿಂದೆ ಎರಡು ಚಕ್ರ ಸೇರಿಸುವ ಇಡೀ ಹೌಸಿಂಗ್ (ಆಕ್ಸಲ್ ಕವಚ) ಮೇಲೆ ಪ್ಲೇಟ್ ಸೆಟ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಿಲ್ಲಿನಂಥ ಸ್ಪ್ರಿಂಗ್ ಪಟ್ಟಿಗಳು. ಗಾಡಿ ಇರುವುದು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ. ಗೊಬ್ಬರ ಹಾಕುವ ಕಾಲ, ಕೊಯ್ಲಿನ ಕಾಲ ಬಿಟ್ಟರೆ ಹಿಂದೆ ಭಾರವೇ ಇರುವುದಿಲ್ಲ. ಪೇಟೆಗೆ ಹೋಗಬೇಕು, ಅಮ್ಮನನ್ನು ಚಾರ್ಮಾಡಿ ಇಳಿಸಿ ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅವರಿಗೆ ಸೊಂಟ ನೋವು. ಹಿಂದಿನ ಸೀಟಿನಲ್ಲಿ ಕೂತರೆ ಪ್ರತಿ ಗುಂಡಿಗೂ ಮೇಲಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಕೈ ಹಾಕಿದ್ದು ಅದಕ್ಕೇ.

ಇದು ಗಾಡಿಯ ದೋಷ ಅಂತ ನಾನು ಹೇಳುವುದಿಲ್ಲ. ಭಾರ ಹೊರಲಿ ಅಂತಲೇ ಹಿಂದಿನ ಪ್ಲೇಟ್ ಬಿಗಿಯಾಗಿ ಮಾಡಿರುತ್ತಾರೆ. ಭಾರ ಇಲ್ಲದಿದ್ದಾಗ ಪ್ಲೇಟ್ ಬಾಗುವುದಿಲ್ಲ, ಬದಲಿಗೆ ಗಾಡಿಯೇ ಮೇಲೆ ಹಾರುತ್ತದೆ. ಯಾವ ಪಿಕಪ್ ತೆಗೆದುಕೊಂಡರೂ ಇಷ್ಟೇ.

ಮೊದಲು ಗಾಳಿ

ಸ್ಪ್ಯಾನರ್ ಮುಟ್ಟುವ ಮೊದಲು ಟೈರಿನ ಗಾಳಿ ನೋಡಿ. ನನ್ನ ಗಾಡಿಯಲ್ಲಿ ನಾಲ್ಕೂ ಟೈರಿಗೆ 36 ಪಿಎಸ್‌ಐ ಇತ್ತು. ಪಂಕ್ಚರ್ ಅಂಗಡಿಯಲ್ಲಿ ಪಿಕಪ್ ಕಂಡರೆ ಸುಮ್ನೆ ಜಾಸ್ತಿ ತುಂಬಿ ಕಳಿಸುತ್ತಾರೆ. 245/70 ಆರ್16 ಟೈರಿಗೆ ಪಕ್ಕದ ಗೋಡೆ ಎತ್ತರ ಇದೆ. ಅದು ಬಾಗಿದರೆ ಅದೂ ಒಂದು ಸ್ಪ್ರಿಂಗೇ. ಹಿಂದೆ ಖಾಲಿ ಇರುವಾಗ 29ಕ್ಕೆ ಇಳಿಸಿದೆ, ಮುಂದೆ 31. ರಸ್ತೆಯ ಸಣ್ಣ ಸಣ್ಣ ಒರಟು ಆಗಲೇ ಅರ್ಧ ಕಡಿಮೆಯಾಯಿತು. ತೋಟದ ಒಳಗಿನ ಕಲ್ಲು ದಾರಿಗೆ 22. ಹೊರಗೆ ಡಾಂಬರಿಗೆ ಬರುವಾಗ ಕಂಪ್ರೆಸರ್‌ನಿಂದ ಮತ್ತೆ ತುಂಬಬೇಕು, ಇದನ್ನು ಮರೆಯಬಾರದು. ಭಾರ ಹಾಕಿದ ದಿನ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಏನಿದೆಯೋ ಅಷ್ಟೇ.

ಇದೇ ಕಾರಣಕ್ಕೆ ದಪ್ಪ ಗೋಡೆಯ ಮಡ್ ಟೈರ್ ಹಾಕಿಸಬೇಡಿ. ನೋಡಲು ಚೆಂದ, ಆದರೆ ಭಾರ ಜಾಸ್ತಿ. ಸ್ಪ್ರಿಂಗ್‌ನ ಕೆಳಗೆ ಇರುವ ತೂಕ, ಅಂದರೆ ಚಕ್ರ, ಡ್ರಮ್, ಹೌಸಿಂಗ್, ಜಾಸ್ತಿಯಾದಷ್ಟೂ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್‌ಗೆ (ಚಿಕ್ಕದಾಗಿ ಶಾಕ್) ಚಕ್ರವನ್ನು ಹಿಡಿದು ನಿಲ್ಲಿಸುವುದು ಕಷ್ಟ. ಮೆತ್ತನೆಯ ಸಸ್ಪೆನ್ಷನ್‌ಗೆ ದುಡ್ಡು ಹಾಕಿ ಕಲ್ಲಿನಂಥ ಟೈರ್ ಹಾಕಿದರೆ ಏನು ಪ್ರಯೋಜನ?

ಏನು ಕೆಟ್ಟಿದೆ ಅಂತ ನೋಡಿದ್ದು

ಕುಲುಕಾಟ ಎರಡು ಥರ ಬರುತ್ತದೆ. ಸ್ಪ್ರಿಂಗ್ ಬಿಗಿಯಾಗಿದ್ದರೆ ಒಂದು ಥರ. ಸ್ಪ್ರಿಂಗ್ ಪೂರ್ತಿ ಕುಸಿದು ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಗೆ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತಿದ್ದರೆ ಇನ್ನೊಂದು ಥರ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಹೊಡೆತ ಅನ್ನಿಸುತ್ತದೆ, ಆದರೆ ಮದ್ದು ತದ್ವಿರುದ್ಧ. ಮೊದಲನೆಯದಕ್ಕೆ ಸ್ಪ್ರಿಂಗ್ ಮೆತ್ತಗಾಗಬೇಕು, ಎರಡನೆಯದಕ್ಕೆ ಬಿಗಿಯಾಗಬೇಕು ಇಲ್ಲವೇ ಶಾಕ್ ಸರಿಹೋಗಬೇಕು.

ಇದನ್ನು ಕಂಡುಹಿಡಿಯಲು ತೋಟದ ಜೇಡಿಮಣ್ಣೇ ಸಾಕಾಯಿತು. ಒದ್ದೆ ಜೇಡಿಯನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಬಂಪ್ ಸ್ಟಾಪ್‌ನ ರಬ್ಬರ್ ಬಂದು ತಾಗುವ ಜಾಗದಲ್ಲಿ ಒತ್ತಿ ಅಂಟಿಸಿದೆ. ನಾಲ್ಕೂ ಕಡೆ. ಆಮೇಲೆ ದಿನಾ ಹೋಗುವ ದಾರಿಯಲ್ಲಿ, ದಿನಾ ಹೋಗುವ ಸ್ಪೀಡಿನಲ್ಲಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದರೆ ಹಿಂದಿನ ಎರಡೂ ಉಂಡೆ ಹಾಗೇ ಇದ್ದವು. ನನ್ನ ಬೆರಳಿನ ಗುರುತು ಕೂಡ ಮಾಸಿರಲಿಲ್ಲ. ಮುಂದಿನವು ಎರಡೂ ರೊಟ್ಟಿಯಾಗಿದ್ದವು. ಬಲಗಡೆಯದರ ಮೇಲೆ ರಬ್ಬರ್‌ನ ಗೀರುಗಳು ಅಚ್ಚೊತ್ತಿದ್ದವು.

ಅಂದರೆ ಹಿಂದೆ ಪ್ಲೇಟ್ ಬಿಗಿ, ಹಾಗಾಗಿ ಗಾಡಿ ಹಾರುತ್ತಿದೆ. ಮುಂದೆ ಶಾಕ್ ಸೋತಿದೆ, ಹಾಗಾಗಿ ಬಡಿಯುತ್ತಿದೆ. ಒಂದೇ ಗಾಡಿಯಲ್ಲಿ ಎರಡು ಬೇರೆ ಕಾಯಿಲೆ. ನಾಲ್ಕೂ ಕಡೆ ಒಂದೇ ಥರದ ‘ಹೆವಿ ಡ್ಯೂಟಿ’ ಸೆಟ್ ಹಾಕಿದ್ದರೆ ಮುಂದೆ ಸರಿಯಾಗಿ ಹಿಂದೆ ಇನ್ನೂ ಹದಗೆಡುತ್ತಿತ್ತು.

ಮುಂದಿನ ಶಾಕ್‌ಗಳ ಮೈಮೇಲೆ ಎಣ್ಣೆ ಒಸರಿ ಧೂಳು ಕಟ್ಟಿತ್ತು. ಗಾಡಿ ಓಡಿದ ದೂರಕ್ಕೆ ಅದು ಸಹಜವೇ. ಕೆಳಗಿನ ಆರ್ಮ್ ಬುಷ್‌ಗಳು, ಅಂದರೆ ಕೀಲಿನ ರಬ್ಬರ್‌ಗಳು, ಸಣ್ಣಗೆ ಬಿರುಕು ಬಿಟ್ಟಿದ್ದವು. ಆರ್ಮ್ ಮತ್ತು ಚಕ್ರದ ನಡುವಿನ ಕೀಲು, ಬಾಲ್ ಜಾಯಿಂಟ್, ಚೆನ್ನಾಗಿತ್ತು. ಹಿಂದಿನ ಪ್ಲೇಟ್‌ಗಳ ನಡುವೆ ತುಕ್ಕು. ಸ್ಕ್ರೂಡ್ರೈವರ್ ತುದಿ ತೂರಿಸಿದರೆ ಕೆಂಪು ಪುಡಿ ಉದುರಿತು. ಈ ತುಕ್ಕಿನ ವಿಷಯಕ್ಕೆ ಮುಂದೆ ಬರುತ್ತೇನೆ, ಅದು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡ ವಿಷಯ.

ತೂಕ, ಮತ್ತೆ ಎಂಟು ಚೀಲ ಯೂರಿಯಾ

ಅರ್ಧ ಟ್ಯಾಂಕ್ ಡೀಸೆಲ್, ಕ್ಯಾನೋಪಿ, ಸ್ಟೆಪ್ನಿ, ಟೂಲ್ ಬಾಕ್ಸ್. ಒಳಗೆ ಯಾರೂ ಇಲ್ಲ. ವೇ ಬ್ರಿಡ್ಜ್‌ನಲ್ಲಿ ಒಟ್ಟು 2,080 ಕೆ.ಜಿ. ಬಂತು. ಮುಂದಿನ ಚಕ್ರ ಮಾತ್ರ ಹತ್ತಿಸಿದಾಗ 1,160. ಹಾಗಾದರೆ ಹಿಂದೆ 920. ವೇ ಬ್ರಿಡ್ಜ್‌ನವರಿಗೆ ಹೀಗೆ ಅರ್ಧ ಹತ್ತಿಸಿ ತೂಕ ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ, ಕೇಳಬೇಕು ಅಷ್ಟೇ.

ಹಿಂದಿನ 920ರಲ್ಲಿ ಹೌಸಿಂಗ್, ಡ್ರಮ್, ಎರಡು ಚಕ್ರ ಎಲ್ಲ ಸೇರಿ ಅಂದಾಜು 200 ಕೆ.ಜಿ. ಪ್ಲೇಟ್‌ನ ಕೆಳಗಿನ ತೂಕ. ಅದನ್ನು ಕಳೆದರೆ ಪ್ಲೇಟ್ ಹೊರುವುದು 720. ಒಂದು ಬದಿಗೆ 360.

ಈಗ ಪ್ಲೇಟ್ ಎಷ್ಟು ಬಿಗಿ ಅಂತ ಗೊತ್ತಾಗಬೇಕು. ಇದಕ್ಕೆ ಯಾವ ಮೆಷಿನ್ನೂ ಬೇಡ. ಯೂರಿಯಾ ಚೀಲ ಈಗ 45 ಕೆ.ಜಿ. ಬರುತ್ತದೆ. ಸಮತಟ್ಟಾದ ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಂಡೆ. ಎಂಟು ಚೀಲವನ್ನು ಸರಿಯಾಗಿ ಹೌಸಿಂಗ್ ಮೇಲೆ ಬರುವ ಹಾಗೆ ಜೋಡಿಸಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ ಮತ್ತೆ ಅಳೆದೆ. 31 ಮಿ.ಮೀ. ಇಳಿದಿತ್ತು. ಉರುಳಿಸದೆ ಅಳೆಯಬೇಡಿ. ಪ್ಲೇಟ್‌ಗಳ ನಡುವಿನ ಹಿಡಿತ ಬಿಡದೆ ತಪ್ಪು ಅಳತೆ ಬರುತ್ತದೆ.

360 ಕೆ.ಜಿ. ಅಂದರೆ ಬದಿಗೆ 180. 180ನ್ನು 31ರಿಂದ ಭಾಗಿಸಿದರೆ ಮಿಲಿಮೀಟರಿಗೆ 5.8 ಕೆ.ಜಿ. ಖಾಲಿ ಗಾಡಿಯ 360 ಕೆ.ಜಿ.ಗೆ ಈ ಪ್ಲೇಟ್ ಬಾಗಿರುವುದು ಬರೀ 62 ಮಿ.ಮೀ.

ಈ 62 ಅನ್ನೋ ಸಂಖ್ಯೆಯೇ ಎಲ್ಲಾ ಹೇಳುತ್ತದೆ. ಸ್ಪ್ರಿಂಗ್ ತನ್ನ ಮೇಲಿನ ತೂಕಕ್ಕೆ ಎಷ್ಟು ಬಾಗಿ ಕೂತಿದೆಯೋ ಅದರ ಮೇಲೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನೋದು ನಿಂತಿದೆ. ಲೆಕ್ಕ ಹಾಕಿದರೆ 60 ಮಿ.ಮೀ. ಬಾಗಿದ ಸ್ಪ್ರಿಂಗ್ ಸೆಕೆಂಡಿಗೆ ಸುಮಾರು 2 ಸಲ, 100 ಮಿ.ಮೀ. ಬಾಗಿದ್ದು 1.6 ಸಲ, 150 ಮಿ.ಮೀ. ಬಾಗಿದ್ದು 1.3 ಸಲ. ಆರಾಮದ ಕಾರುಗಳು ಒಂದರಿಂದ ಒಂದೂವರೆ ಒಳಗೆ ಇರುತ್ತವೆ. ನನ್ನ ಪಿಕಪ್‌ನ ಹಿಂಭಾಗ ಖಾಲಿ ಇದ್ದಾಗ 2. ಅದೇ 500 ಕೆ.ಜಿ. ಭಾರ ಬಿದ್ದರೆ ಒಂದೂವರೆ. ಪಿಕಪ್‌ಗೆ ನಾಲ್ಕು ಮೂಟೆ ಹಾಕಿದರೆ ಚೆನ್ನಾಗಿ ಓಡುತ್ತದೆ ಅಂತ ಡ್ರೈವರ್‌ಗಳು ಹೇಳುವುದು ಇದಕ್ಕೇ.

ಹಾಗಂತ ಹಿಂದೆ ಮರಳು ಮೂಟೆ ಇಟ್ಟುಕೊಂಡು ಓಡಾಡುವುದು ನನಗೆ ಬೇಡವಾಗಿತ್ತು. ಡೀಸೆಲ್ ದಂಡ, ಘಾಟಿಯಲ್ಲಿ ಬ್ರೇಕ್‌ಗೂ ಹೊರೆ. ಮಿಲಿಮೀಟರಿಗೆ ನಾಲ್ಕು ನಾಲ್ಕೂವರೆ ಕೆ.ಜಿ.ಯ ಪ್ಲೇಟ್ ಬೇಕು, ಭಾರ ಬಿದ್ದಾಗ ಎಲ್ಲಕ್ಕಿಂತ ಕೆಳಗಿನ ದಪ್ಪ ಹೆಲ್ಪರ್ ಪ್ಲೇಟ್ ಕೈ ಹಿಡಿಯಬೇಕು. ಇಷ್ಟು ಹಾಳೆಯಲ್ಲಿ ಬರೆದುಕೊಂಡು ಹುಡುಕಲು ಹೊರಟೆ.

ಕಿಟ್ ಯಾರಿಗಾಗಿ ಮಾಡಿದ್ದು?

ನಮ್ಮಲ್ಲಿ ಸಿಗುವ ಒಳ್ಳೆ ಕಿಟ್‌ಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ, ಥಾಯ್ಲೆಂಡ್ ಕಡೆಯವು. ಓಲ್ಡ್ ಮ್ಯಾನ್ ಇಮು ಅನ್ನೋದು ಮೆಲ್ಬರ್ನ್‌ನಲ್ಲಿ 1975ರಲ್ಲಿ ಶುರುವಾದ ಎಆರ್‌ಬಿ ಕಂಪನಿಯ ಸಸ್ಪೆನ್ಷನ್. ಐರನ್‌ಮ್ಯಾನ್ ಕೂಡ ಆಸ್ಟ್ರೇಲಿಯಾದ್ದೇ. ಪ್ರೊಫೆಂಡರ್ ಥಾಯ್ಲೆಂಡಿನದು. ಸರಕು ಚೆನ್ನಾಗಿದೆ, ಅನುಮಾನ ಬೇಡ. ಆದರೆ ಆಸ್ಟ್ರೇಲಿಯಾದ ಪಿಕಪ್ ನೆನಪು ಮಾಡಿಕೊಳ್ಳಿ. ಮುಂದೆ ಗಾಡಿಯ ಮುಖ ಕಾಯುವ ಕಬ್ಬಿಣದ ಬುಲ್ ಬಾರ್, ಅದಕ್ಕೊಂದು ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚ್. ಹಿಂದೆ ಡ್ರಾಯರ್, ಫ್ರಿಜ್, ನೀರಿನ ಟ್ಯಾಂಕ್, ಎರಡನೇ ಬ್ಯಾಟರಿ. ಅಲ್ಲಿನವರು ಆ ತೂಕ ಹೊತ್ತು ನೂರಾರು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಹೋಗುತ್ತಾರೆ. ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗ್‌ಗಳನ್ನು ವಿಂಗಡಿಸಿ ಮಾರುತ್ತಾರೆ: ಮುಂದೆ ಬಾರ್ ಇಲ್ಲದ್ದಕ್ಕೆ ಒಂದು, ಬಾರ್ ಇದ್ದರೆ ಒಂದು, ವಿಂಚ್ ಕೂಡ ಇದ್ದರೆ ಇನ್ನೊಂದು. ಹಿಂದೆಯೂ ಹಾಗೇ, ಖಾಲಿಗೆ ಒಂದು, ಸದಾ 300 ಕೆ.ಜಿ. ಇರುವವರಿಗೆ ಒಂದು.

ನಮ್ಮಲ್ಲಿ ಬುಲ್ ಬಾರ್ ಹಾಕುವ ಹಾಗೇ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ತಿಳಿಸಿದೆ. ಹಾಗಾದರೆ ಬಾರ್‌ಗಾಗಿ ಮಾಡಿದ ಮುಂದಿನ ಸ್ಪ್ರಿಂಗ್ ನಮಗೆ ಯಾಕೆ? ಆದರೂ ಅಂಗಡಿಗಳಲ್ಲಿ ಅದನ್ನೇ ಮುಂದಿಡುತ್ತಾರೆ, ಯಾಕೆಂದರೆ ಅದು ಗಾಡಿಯನ್ನು ಜಾಸ್ತಿ ಎತ್ತುತ್ತದೆ. ಎತ್ತರ ಕಣ್ಣಿಗೆ ಕಾಣುತ್ತದೆ, ಆರಾಮ ಕಾಣುವುದಿಲ್ಲ ಅಲ್ವಾ. ನಾನು ಕೇಳಿದ ಒಂದು ಕಡೆ ‘ತೋಟದ ಗಾಡಿ ತಾನೇ ಸಾರ್, ಹಿಂದೆ ಹೆವಿನೇ ಹಾಕ್ಸಿ’ ಅಂದರು. ತೂಕದ ಚೀಟಿ ತೋರಿಸಿದ ಮೇಲೆ ಅವರೇ ಲೈಟ್ ಸ್ಪ್ರಿಂಗ್‌ನ ನಂಬರ್ ಹುಡುಕಿ ಕೊಟ್ಟರು.

ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಿ) ಮೇಲೆ ಸ್ಪೇಸರ್, ಅಂದರೆ ಒಂದು ದಪ್ಪ ಬಿಲ್ಲೆ, ಇಟ್ಟು ಎತ್ತುವ ಅಗ್ಗದ ದಾರಿಯೂ ಇದೆ. ದಯವಿಟ್ಟು ಬೇಡ. ಸ್ಟ್ರಟ್ ಕೂತಿರುವುದು ಆರ್ಮ್‌ನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಸ್ಪೇಸರ್ 25 ಮಿ.ಮೀ. ಇದ್ದರೆ ಚಕ್ರದ ಹತ್ತಿರ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರ ಆಗುತ್ತದೆ. ಸ್ಪ್ರಿಂಗ್‌ನ ಬಿಗಿ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಗುಂಡಿಗೆ ಚಕ್ರ ಇಳಿಯಲು ಇದ್ದ ಜಾಗ ಹೋಗುತ್ತದೆ, ಮೇಲಿನ ಬಾಲ್ ಜಾಯಿಂಟ್ ಮತ್ತು ಆಕ್ಸಲ್ ಜಾಯಿಂಟ್ ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ. ಹಂಪ್ ದಾಟಿದ ಮೇಲೆ ‘ಟಕ್’ ಅಂತ ಸದ್ದು ಬರುವ ಎತ್ತರದ ಪಿಕಪ್‌ಗಳನ್ನು ನೀವೂ ಕೇಳಿರುತ್ತೀರಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿ ಹಿಡಿದಿದೆ. ನನಗೆ ಎತ್ತರ ಬೇಕಾಗಿರಲಿಲ್ಲ. ಕಂಪನಿ ಕೊಟ್ಟ 225 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ನಮ್ಮ ತೋಟದ ದಾರಿಗೆ ಧಾರಾಳವಾಗಿ ಸಾಕು.

ಶಾಕ್ ಯಾವುದು

ಸ್ಪ್ರಿಂಗ್ ಗಾಡಿಯನ್ನು ಹೊರುತ್ತದೆ, ಶಾಕ್ ಸ್ಪ್ರಿಂಗ್‌ನ ಕುಣಿತ ನಿಲ್ಲಿಸುತ್ತದೆ. ಎರಡೂ ಒಂದಕ್ಕೊಂದು ಹೊಂದಬೇಕು. ಬಿಗಿ ಸ್ಪ್ರಿಂಗ್‌ಗೆ ಮಾಡಿದ ಶಾಕನ್ನು ಮೆತ್ತನೆ ಸ್ಪ್ರಿಂಗ್ ಜೊತೆ ಹಾಕಿದರೆ ಸಾಲಾಗಿ ಗುಂಡಿ ಬಂದಾಗ ತೊಂದರೆ. ಮೊದಲ ಗುಂಡಿಗೆ ಒತ್ತಿಹೋದ ಸ್ಪ್ರಿಂಗ್ ಮತ್ತೆ ಚಾಚುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಹೀಗೆ ಗಾಡಿ ಕುಸಿಯುತ್ತಾ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪ್ ಮೇಲೆಯೇ ಓಡುತ್ತದೆ. ಕೊಟ್ಟಿಗೆಹಾರದಿಂದ ಈಚೆಗೆ ಮಳೆಗಾಲ ಕಳೆದ ಮೇಲಿನ ರಸ್ತೆ ನೋಡಿದವರಿಗೆ ಸಾಲು ಗುಂಡಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಶಾಕ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ, ಮೇಲೆ ಕಡಿಮೆ ಒತ್ತಡದ ನೈಟ್ರೋಜನ್. ಓಲ್ಡ್ ಮ್ಯಾನ್ ಇಮುವಿನ ನೈಟ್ರೋಚಾರ್ಜರ್ ಈ ಥರದ್ದು. ಐರನ್‌ಮ್ಯಾನ್‌ನ ಫೋಮ್ ಸೆಲ್ ಕೂಡ ಇದೇ ಜಾತಿ, ಗ್ಯಾಸ್ ಬದಲು ಒಳಗೆ ಫೋಮ್ ಇರುತ್ತದೆ, ಎಣ್ಣೆ ನೊರೆಯಾಗದ ಹಾಗೆ ತಡೆಯುತ್ತದೆ. ಇನ್ನೊಂದು ಮಾನೋ ಟ್ಯೂಬ್, ಬಿಲ್‌ಸ್ಟೈನ್ 5100 ಥರದ್ದು. ಒಂದೇ ಕೊಳವೆ, ಎಣ್ಣೆ ಮತ್ತು ಜಾಸ್ತಿ ಒತ್ತಡದ ಗ್ಯಾಸ್ ನಡುವೆ ತೇಲುವ ಪಿಸ್ಟನ್. ಬಿಸಿ ಬೇಗ ಹೊರಹೋಗುತ್ತದೆ, ಉದ್ದದ ಒರಟು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ಸುಸ್ತಾಗುವುದಿಲ್ಲ. ವೇಗವಾಗಿ ಓಡಿಸುವವರಿಗೆ ಅದೇ ಸರಿ.

ಆದರೆ ಮಲೆನಾಡಿನಲ್ಲಿ ನಮ್ಮ ಓಟ ನಿಧಾನ. ಕಲ್ಲು, ಬೇರು, ಕೊರಕಲು, ಎರಡನೇ ಗೇರ್. ಶಾಕ್ ಅಷ್ಟು ಬಿಸಿಯಾಗುವ ಪ್ರಸಂಗವೇ ಬರುವುದಿಲ್ಲ. ಮಾನೋ ಟ್ಯೂಬ್‌ನ ಗ್ಯಾಸ್ ಒತ್ತಡ ಶಾಫ್ಟನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ, ಸೀಲ್ ಕೂಡ ಬಿಗಿಯಾಗಿರಬೇಕಾಗುತ್ತದೆ. ಹಗುರ ಹಿಂಭಾಗದ ಗಾಡಿಯಲ್ಲಿ ಸಣ್ಣ ಉಬ್ಬುಗಳಿಗೆ ಅದು ಚುರುಕಾಗಿ ಒದೆಯುತ್ತದೆ. ಇನ್ನೊಂದು ಮಾತು: ಕಲ್ಲು ಬಡಿದು ಮಾನೋ ಟ್ಯೂಬ್‌ನ ಮೈ ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಹೊರಗಿನ ಕೊಳವೆ ಸ್ವಲ್ಪ ತಗ್ಗಾದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ನಾಲ್ಕಕ್ಕೂ ನೈಟ್ರೋಚಾರ್ಜರ್ ಆರಿಸಿದೆ. ಮುಂದೆ ಬಾರ್ ಇಲ್ಲದ ಗಾಡಿಯ ಸ್ಪ್ರಿಂಗ್ ಜೊತೆಗೆ, ಹಿಂದೆ ಲೈಟ್ ಭಾರದ ವಾಲ್ವಿಂಗ್ (ಶಾಕ್ ಒಳಗಿನ ಎಣ್ಣೆ ಹರಿವಿನ ಹದ) ಇರುವುದು.

ಹಿಂದಿನ ಪ್ಲೇಟ್: ಹಾಸನದ ಕುಲುಮೆ

ಹಿಂದಿನ ಪ್ಲೇಟ್ ಮಾತ್ರ ಕಿಟ್‌ನಲ್ಲಿ ಬಂದದ್ದು ಬೇಡ ಅಂತ ತೀರ್ಮಾನ ಮಾಡಿದೆ. ನಾನು ವಿಚಾರಿಸಿದ ಸೆಟ್‌ಗಳಲ್ಲಿ ಹಗುರವಾದದ್ದೂ ನನ್ನ ಲೆಕ್ಕಕ್ಕಿಂತ ಬಿಗಿ ಇತ್ತು. ಪ್ಲೇಟ್ ಕೆಲಸಕ್ಕೆ ನಮ್ಮಲ್ಲಿ ಕೈ ಪಳಗಿದವರು ಬೇಕಾದಷ್ಟು ಇದ್ದಾರೆ. ಲಾರಿಗಳು ನಿಲ್ಲುವ ಊರಲ್ಲೆಲ್ಲ ಸ್ಪ್ರಿಂಗ್ ವರ್ಕ್ಸ್ ಇದೆ.

ಊರಿನ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ, ‘ಒಂದು ಪ್ಲೇಟ್ ತೆಗೆದುಬಿಡಿ, ಸಾಫ್ಟ್ ಆಗುತ್ತೆ’ ಅಂತ. ಸಾಫ್ಟ್ ಆಗುವುದು ನಿಜ. ಆದರೆ ಉಳಿದ ಪ್ಲೇಟ್‌ಗಳ ಮೇಲೆ ಒತ್ತಡ ಏರುತ್ತದೆ, ಹಿಂಭಾಗ ಜೋತುಬೀಳುತ್ತದೆ, ಭಾರ ಹಾಕಿದ ದಿನ ಎಲ್ಲಕ್ಕಿಂತ ಮೇಲಿನ ಮೈನ್ ಪ್ಲೇಟ್ ಕಟ್ ಆಗುವ ಭಯ ಇರುತ್ತದೆ. ಘಾಟಿಯಲ್ಲಿ ಮೈನ್ ಪ್ಲೇಟ್ ಕಟ್ ಆದರೆ ಹೌಸಿಂಗೇ ಓರೆಯಾಗುತ್ತದೆ. ಸರಿಯಾದ ದಾರಿ ಪ್ಲೇಟ್ ಸಂಖ್ಯೆ ಇಳಿಸುವುದಲ್ಲ, ದಪ್ಪ ಇಳಿಸುವುದು. ಪ್ಲೇಟ್‌ನ ಬಿಗಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. 8 ಮಿ.ಮೀ. ಪ್ಲೇಟ್ ಬದಲು 7 ಮಿ.ಮೀ. ಹಾಕಿದರೆ ದಪ್ಪ ಇಳಿದದ್ದು ಎಂಟನೇ ಒಂದು ಭಾಗ, ಬಿಗಿ ಇಳಿದದ್ದು ಮೂರನೇ ಒಂದು ಭಾಗ. ತೆಳು ಪ್ಲೇಟ್ ಜಾಸ್ತಿ ಬಾಗಿದರೂ ತಡೆದುಕೊಳ್ಳುತ್ತದೆ.

ಹಾಸನದ ಒಂದು ಸ್ಪ್ರಿಂಗ್ ವರ್ಕ್ಸ್‌ನ ಮೇಸ್ತ್ರಿಗೆ ನನ್ನ ಹಾಳೆ ತೋರಿಸಿದೆ. ಓದಿ, ‘ಅಣ್ಣ, ಲಾರಿಯವರೆಲ್ಲ ಗಟ್ಟಿ ಮಾಡ್ಕೊಡು ಅಂತ ಬರ್ತಾರೆ. ಮೆತ್ತಗೆ ಮಾಡ್ಕೊಡು ಅಂತ ಲೆಕ್ಕ ಹಿಡ್ಕೊಂಡು ಬಂದೋರು ಕಮ್ಮಿ’ ಅಂದರು. ಆಮೇಲೆ ಖುಷಿಯಿಂದಲೇ ಕೂತರು. ಹೊಸ ಸೆಟ್ಟೇ ಮಾಡಿಸಿದೆ, ಹಳೆಯದನ್ನು ಬಿಚ್ಚಿ ಹಾಗೇ ಮನೆಯಲ್ಲಿ ಇಟ್ಟಿದ್ದೇನೆ. ಮೈನ್ ಪ್ಲೇಟ್ ಮತ್ತು ಅದರ ಕಣ್ಣನ್ನು ಸುತ್ತಿ ಹಿಡಿಯುವ ಎರಡನೆಯದು ಮೊದಲಿನಂತೆ 8 ಮಿ.ಮೀ. ಅವು ಹೌಸಿಂಗನ್ನು ಹಿಡಿದಿರುವ ಪ್ಲೇಟ್‌ಗಳು, ಅಲ್ಲಿ ಚೌಕಾಸಿ ಇಲ್ಲ. ಅದರ ಕೆಳಗಿನ ಎರಡು 7 ಮಿ.ಮೀ., ಸ್ವಲ್ಪ ಉದ್ದ ಜಾಸ್ತಿ. ಎಲ್ಲಕ್ಕಿಂತ ಕೆಳಗೆ ದಪ್ಪನೆಯ ಚಪ್ಪಟೆ ಹೆಲ್ಪರ್. ಹಳೆ ಸೆಟ್‌ನಲ್ಲಿ ಖಾಲಿ ಇದ್ದಾಗಲೇ ಹೆಲ್ಪರ್ ತುದಿ ತಾಗಿಕೊಂಡಿತ್ತು. ಹೊಸದರಲ್ಲಿ ಹಿಂಭಾಗ 40 ಮಿ.ಮೀ. ಚಿಲ್ಲರೆ ಇಳಿದ ಮೇಲೆ ತಾಗುವ ಹಾಗೆ ಅಂತರ ಬಿಡಿಸಿದೆ.

ಮೆತ್ತನೆ ಪ್ಲೇಟ್ ಅಷ್ಟೇ ತೂಕಕ್ಕೆ ಜಾಸ್ತಿ ಕುಸಿಯುತ್ತದೆ. ಮೊದಲಿನ ಎತ್ತರವೇ ಸಿಗಬೇಕಾದರೆ ಬಿಲ್ಲು, ಅಂದರೆ ಪ್ಲೇಟ್‌ನ ಬಾಗು, ಅಷ್ಟು ಜಾಸ್ತಿ ಇರಬೇಕು. ನನ್ನ ಲೆಕ್ಕಕ್ಕೆ 22 ಮಿ.ಮೀ. ಮೇಸ್ತ್ರಿ ಹಳೆ ಪ್ಲೇಟನ್ನು ನೆಲದ ಮೇಲೆ ಇಟ್ಟು ಚಾಕ್‌ಪೀಸ್‌ನಲ್ಲಿ ಅದರ ಗೆರೆ ಎಳೆದರು. ನಡುವೆ 22 ಮಿ.ಮೀ. ಗುರುತು ಮಾಡಿ ಹೊಸ ಗೆರೆ ಎಳೆದರು. ಕುಲುಮೆಯಿಂದ ಕೆಂಪಗೆ ಕಾದ ಪ್ಲೇಟ್ ಇಕ್ಕಳದಲ್ಲಿ ಹೊರಬಂದು, ಒತ್ತಿ ಬಾಗಿ, ಎಣ್ಣೆ ತೊಟ್ಟಿಗೆ ಮುಳುಗಿತು. ತಣಿದ ಮೇಲೆ ಮತ್ತೆ ಹದಕ್ಕೆ ಕಾಯಿಸಿದರು. ಈ ಎರಡನೇ ಸಲ ಕಾಯಿಸುವುದನ್ನು ಬಿಡುವ ಅಂಗಡಿಗೆ ಕೊಡಬೇಡಿ. ಸ್ಪ್ರಿಂಗ್ ಸ್ಟೀಲನ್ನು 850 ಡಿಗ್ರಿ ಮೇಲೆ ಕಾಯಿಸಿ ಎಣ್ಣೆಗೆ ಹಾಕಿದಾಗ ಅದು ಗಾಜಿನ ಹಾಗೆ ಪೆಡಸಾಗುತ್ತದೆ. 450ರಿಂದ 500 ಡಿಗ್ರಿಯಲ್ಲಿ ಮತ್ತೆ ಹದ ಮಾಡಿದರೆ ಮಾತ್ರ ಬಾಗಿ ಏಳುವ ಗುಣ ಬರುತ್ತದೆ. ತಣ್ಣಗಿನ ಪ್ಲೇಟನ್ನು ಸುತ್ತಿಗೆಯಲ್ಲಿ ಬಡಿದು ಬಿಲ್ಲು ಕೊಡುವವರೂ ಇದ್ದಾರೆ. ಅದು ಬೇಗ ಮತ್ತೆ ಚಪ್ಪಟೆಯಾಗುತ್ತದೆ.

ಈಗ ತುಕ್ಕಿನ ಮಾತು. ಪ್ಲೇಟ್‌ಗಳು ಬಾಗಬೇಕಾದರೆ ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದರೆ ಜಾರುವುದಿಲ್ಲ. ದೊಡ್ಡ ಗುಂಡಿ ಬಂದಾಗ ಆ ಹಿಡಿತ ಬಿಟ್ಟು ಬಾಗುತ್ತವೆ. ಸಣ್ಣ ಉಬ್ಬುತಗ್ಗಿಗೆ ಬಿಡುವುದೇ ಇಲ್ಲ, ಇಡೀ ಸೆಟ್ ಒಂದೇ ಕಬ್ಬಿಣದ ತುಂಡಿನಂತೆ ಇರುತ್ತದೆ. ಆಗ ಗಾಡಿಗೆ ಇರುವ ಸ್ಪ್ರಿಂಗ್ ಟೈರ್ ಒಂದೇ. ಕೂತವರಿಗೆ ಬರುವ ಅದುರು ಇನ್ನೂ ಚುರುಕಾಗುತ್ತದೆ. ಮನುಷ್ಯನ ಮೈಗೆ ಮೇಲೆ ಕೆಳಗೆ ಆಗುವ ಅದುರಿನಲ್ಲಿ ಸೆಕೆಂಡಿಗೆ 4ರಿಂದ 8 ಸಲದ್ದು ಎಲ್ಲಕ್ಕಿಂತ ಜಾಸ್ತಿ ತಟ್ಟುತ್ತದೆ ಅಂತ ಐಎಸ್‌ಒ 2631 ಮಾನದಂಡವೇ ಹೇಳುತ್ತದೆ. ಸೊಂಟ ನೋವಿನವರಿಗೆ ಕಾಟ ಕೊಡುವುದು ಇದೇ. ಅದಕ್ಕೆ ಪ್ರತಿ ಪ್ಲೇಟ್‌ನ ತುದಿಗೆ ನೈಲಾನ್ ಪ್ಯಾಡ್ ಹಾಕಿಸಿದೆ. ಅಂಚುಗಳನ್ನು ಗ್ರೈಂಡ್ ಮಾಡಿ ದುಂಡಗೆ ಮಾಡಿಸಿದೆ, ಕೆಳಗಿನ ಪ್ಲೇಟ್ ಮೇಲಿನದನ್ನು ಕೆರೆಯಬಾರದು. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ಈ ಪ್ಯಾಡ್‌ಗಳಿಂದ ಅಂತ ನನ್ನ ಅನಿಸಿಕೆ. ಹೊಸ ಸೆಟ್ ಬೇಡ ಅನ್ನುವವರು ಹಳೆಯದನ್ನೇ ಬಿಚ್ಚಿ, ಉಜ್ಜಿ, ಪ್ಯಾಡ್ ಹಾಕಿ ಕೂರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕೂರಿಸಿದ್ದು

ಹಿಂದಿನದು ಸಲೀಸು. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹೌಸಿಂಗ್ ಕೆಳಗೆ ಜಾಕಿ ಕೊಟ್ಟು, ಶಾಕ್ ಬಿಚ್ಚಿ, ಪ್ಲೇಟನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿ, ಆಮೇಲೆ ಪ್ಲೇಟ್‌ನ ಹಿಂತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್. ಯು ಬೋಲ್ಟ್ ಹೊಸದೇ ಹಾಕಬೇಕು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಪ್ಲೇಟ್‌ಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟ್‌ನ ತಲೆ ಹೌಸಿಂಗ್‌ನ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿದ ಮೇಲೆಯೇ ಬಿಗಿಯಬೇಕು.

ಮುಂದೆ ಸ್ಟ್ರಟ್ ಹೊರತೆಗೆದು ಸ್ಪ್ರಿಂಗ್ ಬದಲಿಸುವುದನ್ನು ಗ್ಯಾರೇಜಿನ ಗೋಡೆಗೆ ಹಾಕಿದ, ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್‌ನಲ್ಲೇ ಮಾಡಿಸಿದೆ. ಒತ್ತಿಹಿಡಿದ ಕಾಯಿಲ್ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಕೈಯಿಂದ ತಿರುಗಿಸುವ ಎರಡು ಕೊಕ್ಕೆಯ ಕಂಪ್ರೆಸರ್‌ನಲ್ಲಿ ಮನೆಯಲ್ಲಿ ಮಾಡಲು ಹೋಗಬೇಡಿ. ಅದರ ಜೊತೆಗೆ ಕೆಳಗಿನ ಆರ್ಮ್ ಬುಷ್‌ಗಳನ್ನೂ ಹೊಸದು ಒತ್ತಿಸಿದೆ. ಪಾಲಿಯುರೆಥೇನ್ ಬುಷ್ ಹಾಕಿಸಿ ಅಂತ ಕೆಲವರು ಹೇಳಿದರು. ನಾನು ರಬ್ಬರ್‌ನಲ್ಲೇ ಉಳಿದೆ. ಪಾಲಿ ಬಾಳಿಕೆ ಬರುತ್ತದೆ, ಸ್ಟೀರಿಂಗ್ ನಿಖರವಾಗುತ್ತದೆ, ಆದರೆ ಅದುರನ್ನು ರಬ್ಬರ್‌ನಷ್ಟು ನುಂಗುವುದಿಲ್ಲ.

ಬುಷ್‌ನ ಬೋಲ್ಟ್‌ಗಳನ್ನು, ಮುಂದಿನವಾಗಲಿ ಹಿಂದಿನವಾಗಲಿ, ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುತ್ತಿರುವಾಗ ಬಿಗಿದರೆ ಗಾಡಿ ಕೆಳಗಿಳಿದ ಕೂಡಲೇ ಬುಷ್ ತಿರುಚಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಸಸ್ಪೆನ್ಷನ್ ಬಿಗಿ ಅನ್ನಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಗ್ಯಾರೇಜಿನಲ್ಲಿ ಅವಸರಕ್ಕೆ ಬಿಟ್ಟುಹೋಗುವುದು ಇದೇ. ಎದುರಿಗೆ ನಿಂತು ಮಾಡಿಸಿ.

ಕೊನೆಗೆ ಚಕ್ರ ಪೂರ್ತಿ ಜೋತಾಡುವ ಹಾಗೆ ಎತ್ತಿ ಬ್ರೇಕ್ ಹೋಸ್ ಎಳೆಯುತ್ತಿದೆಯಾ ನೋಡಿದೆವು. ಶ್ಯಾಕಲ್‌ನ ಕೆಳತುದಿ ಹಿಂದಕ್ಕೆ ವಾಲಿದೆಯಾ ನೋಡಿದೆವು. ಪ್ಲೇಟ್ ಚಪ್ಪಟೆಯಾದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಬಿಲ್ಲು ಅತಿಯಾದರೆ ಶ್ಯಾಕಲ್ ಮುಂದಕ್ಕೆ ತಿರುಗಿ ಪ್ಲೇಟನ್ನೇ ತಡೆಯುತ್ತದೆ. ನಮ್ಮದು ಸರಿಯಾಗಿ ವಾಲಿತ್ತು. ಆಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಕೋನ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಎತ್ತರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತಿದರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ನಿಮ್ಮ ಗಾಡಿಯಲ್ಲಿ ಇದ್ದರೆ ಅದನ್ನೂ ಸರಿಹೊಂದಿಸಬೇಕು.

ಅಳೆದು ನೋಡಿದ್ದು

ಖಾಲಿ ಗಾಡಿಯ ಎತ್ತರ ಮುಂದೆ 20 ಮಿ.ಮೀ. ಏರಿತು. ಹಳೆ ಸ್ಪ್ರಿಂಗ್ ಕುಸಿದಿದ್ದದ್ದೂ ಇದರಲ್ಲಿ ಸೇರಿದೆ. ಹಿಂದೆ ಮೊದಲಿನಷ್ಟೇ. ಅದೇ ಕಣದಲ್ಲಿ ಅದೇ ಎಂಟು ಚೀಲ ಹಾಕಿದೆ. ಈ ಸಲ 42 ಮಿ.ಮೀ. ಇಳಿಯಿತು, ಹೆಲ್ಪರ್ ಆಗಷ್ಟೇ ತಾಗುವ ಹಾಗಿತ್ತು. ಮಿಲಿಮೀಟರಿಗೆ 4.3 ಕೆ.ಜಿ., ಬೇಕಾಗಿದ್ದ ಮಿತಿಯೊಳಗೇ ಬಂತು.

ಅದುರು ಅಳೆಯಲು ಮೊಬೈಲಿನಲ್ಲಿ ಫಿಫಾಕ್ಸ್ ಅನ್ನೋ ಆ್ಯಪ್ ಇದೆ, ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಫೋನನ್ನು ಹಿಂದಿನ ಸೀಟಿನ ಕೆಳಗೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಒಂದೇ ರಸ್ತೆಯಲ್ಲಿ ಒಂದೇ ಸ್ಪೀಡಿನಲ್ಲಿ ಕೆಲಸಕ್ಕೆ ಮೊದಲೂ ಆಮೇಲೂ ಓಡಿಸಿ ರೆಕಾರ್ಡ್ ಮಾಡಿದೆ. ಮೊದಲು ಗ್ರಾಫ್‌ನಲ್ಲಿ 2 ಹರ್ಟ್ಸ್ (ಸೆಕೆಂಡಿಗೆ 2 ಸಲ) ಹತ್ತಿರ ಚೂಪಾದ ಗೋಪುರ ಇತ್ತು. ಈಗ ಅದು 1.7ರ ಹತ್ತಿರಕ್ಕೆ ಸರಿದು ತಗ್ಗಾಗಿದೆ. 4ರ ಮೇಲಿನ ಭಾಗದ ಗದ್ದಲವೂ ಇಳಿದಿದೆ. ಅದು ಪ್ಯಾಡ್‌ಗಳ ಕೆಲಸ.

ಜೇಡಿ ಉಂಡೆ ಮತ್ತೆ ಅಂಟಿಸಿದೆ. ಮುಂದಿನವಕ್ಕೆ ಏನೂ ಆಗಲಿಲ್ಲ. ಹಿಂದಿನವುಗಳಲ್ಲಿ ಒಂದರ ನೆತ್ತಿ ಮಾತ್ರ ಸ್ವಲ್ಪ ಒತ್ತಿತ್ತು, ಅಷ್ಟು ಒಳ್ಳೆಯದೇ. ಇರುವ ಜಾಗವನ್ನು ಸಸ್ಪೆನ್ಷನ್ ಪೂರ್ತಿ ಬಳಸಿಕೊಳ್ಳುತ್ತಿದೆ ಅಂತ ಅರ್ಥ.

ಕಳೆದುಕೊಂಡದ್ದೂ ಇದೆ, ಹೇಳಬೇಕು. ತಿರುವಿನಲ್ಲಿ ಹಿಂಭಾಗ ಮೊದಲಿಗಿಂತ ಸ್ವಲ್ಪ ಜಾಸ್ತಿ ವಾಲುತ್ತದೆ. ಚಾರ್ಮಾಡಿ ತಿರುವುಗಳಲ್ಲಿ ನಾನು ಓಡಿಸುವ ಸ್ಪೀಡಿಗೆ ಅದು ತೊಂದರೆ ಕೊಟ್ಟಿಲ್ಲ. ಆರು ಏಳು ಮೂಟೆಗಿಂತ ಜಾಸ್ತಿ ಸದಾ ಹೊರುವವರಿಗೆ ಈ ಸೆಟ್ ಸಲ್ಲದು, ಅವರು ಮೀಡಿಯಂ ಭಾರದ್ದೇ ಹಾಕಿಸಬೇಕು.

ಅಮ್ಮ ಹಿಡಿಕೆ ಹಿಡಿದುಕೊಳ್ಳುವುದು ಪೂರ್ತಿ ನಿಂತಿಲ್ಲ, ದೊಡ್ಡ ಹಂಪ್‌ಗಳಲ್ಲಿ ಈಗಲೂ ಹಿಡಿಯುತ್ತಾರೆ. ಆದರೆ ಬೆಳ್ತಂಗಡಿ ದಾಟುವವರೆಗೂ ನಡುವೆ ಎಲ್ಲೂ ಇಳಿದು ನಿಲ್ಲಬೇಕು ಅನ್ನುತ್ತಿಲ್ಲ. ನನಗೆ ಅಷ್ಟು ಸಾಕು.

ಯು ಬೋಲ್ಟ್‌ಗಳನ್ನು 500 ಕಿ.ಮೀ. ಆದ ಮೇಲೆ ಮತ್ತೆ ಟಾರ್ಕ್ ಮಾಡಿಸಿದೆ, ಎರಡು ಕಡೆ ಅರ್ಧ ಸುತ್ತು ತೆಗೆದುಕೊಂಡಿತು. ಮಳೆಗಾಲ ಮುಗಿದ ಮೇಲೆ ಒಮ್ಮೆ ನೈಲಾನ್ ಪ್ಯಾಡ್‌ಗಳನ್ನು ಬಿಚ್ಚಿ, ಕೆಸರು ತೊಳೆದು, ಸವೆತ ನೋಡಬೇಕು. ಒಂದು ಜೊತೆ ಪ್ಯಾಡ್ ಮೇಸ್ತ್ರಿ ಹತ್ತಿರ ಜಾಸ್ತಿಯಾಗಿಯೇ ಮಾಡಿಸಿ ಇಟ್ಟುಕೊಂಡಿದ್ದೇನೆ.